ಕ್ರಮಸಂಖ್ಯೆ ನಲವತ್ತೊಂದು

ಸ್ವರ್ಣೆಯ ನೀರು ಉಪ್ಪಾಗುವಲ್ಲಿ, ಕೋಡಿಬೆಂಗ್ರೆಯ ಹಾದಿಯಲ್ಲಿ,
ಕಾಂಡ್ಲಾ ಗಿಡಗಳ ಬೆನ್ನಿಗೆ
ಹಿಂದೆ ಐಸು ತುಂಬಿಸುತ್ತಿದ್ದ ಉದ್ದ ಕೊಟ್ಟಿಗೆ.
ಈಗ ಅದರೊಳಗೆ ಹದಿನಾರು ಗಾಜಿನ ಪೆಟ್ಟಿಗೆ,
ಒಂದು ಟ್ಯೂಬ್‌ಲೈಟು, ಒಂದು ರಿಜಿಸ್ಟರು, ನಾನು.

ಗೋಡೆ ಇನ್ನೂ ಉಪ್ಪು ಬೆವರುತ್ತದೆ.
ಮಳೆಗಾಲದಲ್ಲಿ ಚೀಟಿಗಳ ಅಂಚು ಮೇಲೇಳುತ್ತದೆ;
ಮತ್ತೆ ಬರೆಯುತ್ತೇನೆ, ಅದೇ ದುಂಡಕ್ಷರದಲ್ಲಿ:
ಶಂಖ. ಕವಡೆ. ಕಲ್ಲಪಚ್ಚಿಲೆಯ ಚಿಪ್ಪು.
ಕಡಲಾಮೆಯ ತಲೆಬುರುಡೆ, ಪ್ರೊಪೆಲ್ಲರಿನ ಗಾಯ ಸಹಿತ.
ತೊರಕೆಯ ಬಾಲ; ಮಕ್ಕಳು ಚಾಟಿ ಅನ್ನುತ್ತಾರೆ.
ಬಾಟಲಿಯೊಳಗೆ ಕಡಲಕುದುರೆ
ಎಂಟು ವರ್ಷದಿಂದ ನಿಂತೇ ಇದೆ. ದಣಿದಂತಿಲ್ಲ.

ಕೈರಂಪಣಿ ಎಳೆಯುವ ವಾಮನ ಮೆಂಡನ್ ಒಮ್ಮೆ
ಲುಂಗಿಯ ಮಡಿಲಲ್ಲಿ ಏನೋ ತಂದು ಮೇಜಿಗಿಟ್ಟರು:
"ನೋಡಿ, ಇದೆಂಥ ಕವಡೆ, ಇಷ್ಟು ಭಾರ!"
ಅದು ತಿಮಿಂಗಿಲದ ಕಿವಿಯ ಎಲುಬು.
ಹೇಳಿದೆ. ಅವರು ಅದನ್ನು ತಮ್ಮ ಕಿವಿಗೇ ಹಿಡಿದು
ಬಹಳ ಹೊತ್ತು ನಿಂತರು.
ಏನು ಕೇಳಿತೆಂದು ನಾನು ಕೇಳಲಿಲ್ಲ.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಬಲಗೋಡೆಯ ಬದಿ ಮನುಷ್ಯರದ್ದು:
ಬಲೆಗೆ ಬಿದ್ದ ನೀಲಿ ಹೂವಿನ ಪಿಂಗಾಣಿ ಚೂರು,
ಕಾರ್ಖಾನೆಯ ಮುದ್ರೆ ಉಳಿದ ಅರ್ಧ ಹಂಚು,
ತುಕ್ಕು ತಿಂದ ದೋಣಿಮೊಳೆ, ಒಂದು ಮುಷ್ಟಿ.
ಮೂಲೆಯಲ್ಲಿ, ನೆಲದ ಮೇಲೆ, ನಲವತ್ತೊಂದು:
ಇಬ್ಬರು ಸೇರಿ ಎತ್ತುವ ಕಪ್ಪು ಕಲ್ಲು, ನಡುವೆ ತೂತು.
ಕಲ್ಲಿನ ಲಂಗರು. ಸುಮಾರು ಐನೂರು ವರ್ಷ.
ಎಡ ಅಂಚಿನ ಕುಳಿ: ಹಗ್ಗದ ಸವೆತ.
ತಜ್ಞರು ಹೇಳಿದ್ದು, ನಾನು ಬರೆದದ್ದು.

ದೋಣಿಗಳೆಲ್ಲ ದಡ ಹತ್ತಿದ್ದ ಒಂದು ಬುಧವಾರ
ಒಣಮೀನಿನ ಬುಟ್ಟಿಯನ್ನು ಬಾಗಿಲ ಹೊರಗಿಟ್ಟು
ಕಲ್ಯಾಣಿ ಪುತ್ರನ್ ಬಂದರು.
ಟಿಕೇಟಿನ ಐದು ರೂಪಾಯಿ ಸೆರಗಿನ ಗಂಟಿನಿಂದ.
ಆಮೆಯನ್ನು ನೋಡಲಿಲ್ಲ, ಕಡಲಕುದುರೆಯನ್ನೂ.
ನೇರ ಮೂಲೆಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು,
"ಎಂತ ಬರೆದಿದ್ದೀ, ಓದು" ಅಂದರು.
ಓದಿದೆ. ಹಗ್ಗ ಎಂಬಲ್ಲಿ ನಕ್ಕರು.

"ಹಗ್ಗವೂ ಇಲ್ಲ ಎಂಥದೂ ಇಲ್ಲ ಮಾರಾಯ್ತಿ,
ಅದು ನನ್ನ ಅತ್ತೆಯ ಹಿಮ್ಮಡಿ.
ಅವರ ನಂತರ ನನ್ನದು.
ನಮ್ಮ ಬಾವಿಕಟ್ಟೆಯ ಒಗೆಯುವ ಕಲ್ಲು ಇದು.
ಮೀನು ಮಾರಿ ಬಂದು, ಒಂದು ಕೊಡಪಾನ ನೀರು ಹೊಯ್ದು
ಉಜ್ಜಿದ್ದೇ ಉಜ್ಜಿದ್ದು."

ಬಾವಿ ಎಲ್ಲಿ, ಅಂದೆ.
ಕಿಟಕಿಯ ಕಡೆ ಗದ್ದ ಎತ್ತಿದರು.
ಅಲ್ಲಿ ಅಲೆಯ ಆಚೆ ಅಲೆ.
"ಆ ಎರಡನೆಯದು ಮುರಿಯುತ್ತದಲ್ಲ, ಅಲ್ಲಿ ಅಡುಗೆಮನೆ.
ಬಾವಿ ಇನ್ನೂ ಸ್ವಲ್ಪ ತೆಂಕಿಗೆ."

ಆಮೇಲೆ ಚಪ್ಪಲಿ ಕಳಚಿ,
ವಸ್ತುಗಳನ್ನು ಮುಟ್ಟಬಾರದು
ಎಂಬ ನನ್ನದೇ ಬರಹದ ಕೆಳಗೆ
ಬಲಗಾಲ ಹಿಮ್ಮಡಿಯನ್ನು ಕುಳಿಯೊಳಗೆ ಇಟ್ಟರು.
ಕೂತಿತು,
ಡಬ್ಬಿಗೆ ಅದರದೇ ಮುಚ್ಚಳ ಕೂತ ಹಾಗೆ.

ತಜ್ಞರದ್ದೂ ಸುಳ್ಳಿರಲಿಕ್ಕಿಲ್ಲ.
ಯಾವುದೋ ಹಡಗಿನ ಕಲ್ಲನ್ನು ಯಾರೋ
ಅಂಗಳಕ್ಕೆ ಉರುಳಿಸಿ ತಂದಿರಬೇಕು.
ಕಡಲು ಅಂಗಳವನ್ನೇ ಒಯ್ದು
ಕಲ್ಲನ್ನು ಮಾತ್ರ ವಾಪಸು ಕೊಟ್ಟಿತು,
ಅದರ ಮೊದಲ ಹೆಸರಿನಲ್ಲಿ.

ಸಂಜೆ ರಿಜಿಸ್ಟರು ತೆರೆದೆ.
ಹಗ್ಗವನ್ನು ಹೊಡೆದುಹಾಕಲಿಲ್ಲ;
ಒಂದು ಅಲ್ಪವಿರಾಮ ಇಟ್ಟು ಬರೆದೆ:
ಹಿಮ್ಮಡಿ, ಎರಡು ತಲೆಮಾರು.
ದೊರೆತ ಸ್ಥಳ: ಸಮುದ್ರ, ಎಂದಿತ್ತು.
ಅದರ ಮಗ್ಗುಲಲ್ಲಿ, ಜಾಗ ಸಾಲದೆ, ಸಣ್ಣಕ್ಕೆ: ಬಾವಿಕಟ್ಟೆ.

ಐದು ರೂಪಾಯಿ ಹಿಂದೆ ಕೊಡಬೇಕೆಂದು ಆಗಲೇ ಓಡಿದ್ದೆ.
ಬುಟ್ಟಿ ತಲೆಗೇರಿತ್ತು,
ಉಡುಪಿಯ ಬಸ್ಸಿಗೆ ಕೈ ಅಡ್ಡ ಹಿಡಿದಾಗಿತ್ತು.
ನಾಣ್ಯ ಇನ್ನೂ ಮೇಜಿನ ಸೆಳೆಖಾನೆಯಲ್ಲಿ ಉಂಟು,
ಒಣಸಿಗಡಿಯ ವಾಸನೆಯ ಜೊತೆ.
ಯಾವ ಲೆಕ್ಕಕ್ಕೆ ಬರೆಯಲಿ ಅದನ್ನು?
ತನ್ನ ಕಲ್ಲು ತಾನು ನೋಡಲು ಬಂದವರಿಗೆ
ಟಿಕೇಟು ಹರಿದು ಕೊಟ್ಟವಳು ನಾನು.